ಅಮ್ಮನ ಸಡಿಲ ರವಿಕೆ

ಅಂದೂ ಬೆಳಗ್ಗೆ ಅಂಗಳಕ್ಕೆ ನೀರು ಚಿಮುಕಿಸಿ, ರಂಗೋಲಿ ಎಳೆದು, ಮಗಳ ಡಬ್ಬಿಗೆ ಚಿತ್ರಾನ್ನ ತುಂಬಿದೆ. ಎದೆಯ ಆಪರೇಷನ್ ಆದಮೇಲೆ ನನ್ನ ಬಲಗೈ ಪೂರ್ತಿ ಮೇಲೇಳುತ್ತಿರಲಿಲ್ಲ. ಮೇಲಿನ ಕಪಾಟಿನಿಂದ ಕಡ್ಲೇಬೀಜದ ಡಬ್ಬ ಇಳಿಸಿಕೊಟ್ಟು, ಮಗಳು ಮಧುಗಿರಿ ಬಸ್‌ಸ್ಟ್ಯಾಂಡಿಗೆ ಓಡಿದಳು. ಕೊರಟಗೆರೆಯ ಶಾಲೆಯಲ್ಲಿ ಅವಳು ಟೀಚರ್. ಜಡೆಯ ತುದಿ ಇನ್ನೂ ಒದ್ದೆಯಿತ್ತು.

ರಕ್ತಪರೀಕ್ಷೆಯ ವರದಿಯನ್ನು ಸೀರೆಗಳ ಅಡಿಯಲ್ಲಿಟ್ಟಿದ್ದೆ. ನನ್ನ ಕ್ಯಾನ್ಸರ್ ವಂಶದಿಂದ ಬಂದದ್ದು, ಒಂದು ಜೀನಿನಲ್ಲೇ ದೋಷವಿದೆ ಅಂತ. ಅಮ್ಮ ಹೋದದ್ದೂ ಇದರಲ್ಲೇ. ಗಂಟು ಅಡಿಕೆಯಷ್ಟಾದರೂ ಯಾರಿಗೂ ತೋರಿಸದೆ, ರವಿಕೆಯನ್ನು ಸಡಿಲ ಹೊಲಿಸಿಕೊಂಡಿದ್ದಳು. ಮಗಳಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ ಎಂದರು ಡಾಕ್ಟರು. ತಮ್ಮನಿಗೂ ಅಷ್ಟೇ; ಗಂಡಸರಲ್ಲಿ ಅದು ಸದ್ದಿಲ್ಲದೆ ಇದ್ದು ಮಕ್ಕಳಿಗೆ ದಾಟಬಹುದಂತೆ. ಗಂಡಹೆಂಡಿರಿಬ್ಬರಲ್ಲೂ ಇದ್ದರೆ ಹುಟ್ಟುವ ಕೂಸಿಗೆ ಇನ್ನೂ ಕಷ್ಟ.

ನಮ್ಮಲ್ಲಿ ಅಕ್ಕನ ಮಗಳು ತಮ್ಮನ ಮನೆಗೇ ಸೊಸೆ. ಮಗಳು ತೊಟ್ಟಿಲಲ್ಲಿದ್ದಾಗಲೇ ತಮ್ಮನ ಮಗನಿಗೆಂದು ಅಮ್ಮ ಮಾತು ಕೊಟ್ಟಿದ್ದಳು. ಮರುದಿನವೇ ನಿಶ್ಚಿತಾರ್ಥ, ವೀಳ್ಯ ಬದಲಾಯಿಸಬೇಕಿತ್ತು.

ಗೌಡಗೆರೆಯಲ್ಲಿದ್ದ ತಮ್ಮನಿಗೆ ಫೋನ್ ಮಾಡಿ, “ಮೊದಲು ನೀನು, ನಿನ್ನ ಮಗ ಪರೀಕ್ಷೆಗೆ ರಕ್ತ ಕೊಡ್ರಪ್ಪ. ಆಮೇಲೆ ವೀಳ್ಯ,” ಎಂದೆ.

“ಗಂಡಸ್ರಿಗೆ ಎಂಥಾ ಎದೆ ಕಾಯ್ಲೆ ಅಕ್ಕಯ್ಯ?” ತಮ್ಮ ನಕ್ಕ. “ಕಾನ್ವೆಂಟ್ ಓದ್ಬುಟ್ಟು ನೀನು ಇಂಗೇ. ನೆಗಡಿ ಬಂದ್ರೂ ಪುಸ್ತಕ ತೆಗೀತೀಯ.” ಆಮೇಲೆ ನಗು ನಿಂತಿತು. “ಅಮ್ಮನ ಮಾತು ಅಂದ್ರೆ ಅಷ್ಟೇನಾ? ನಾಳೆ ನಾವು ಬರೋದಾ ಬ್ಯಾಡ್ವಾ, ಅದ್ ಹೇಳು.”

ಬೇಡ ಎನ್ನಬೇಕಿತ್ತು. “ಬನ್ನಿ” ಎಂದುಬಿಟ್ಟೆ.

ಮಗಳಿಗಾದರೂ ಹೇಳೋಣವೆಂದು ಸಂಜೆ ವರದಿ ತೆಗೆದೆ. ಅವಳು ಬಂದವಳೇ ನಾಳೆಗೆಂದು ಅಜ್ಜಿಯ ರೇಷ್ಮೆ ಸೀರೆ ಉಟ್ಟು, ರವಿಕೆ ತೊಟ್ಟು ಕನ್ನಡಿಯ ಮುಂದೆ ನಿಂತಳು. ತೋಳಿನ ಬಳಿ ಬಟ್ಟೆಯನ್ನು ಚಿವುಟಿ ಹಿಡಿದು ಕೇಳಿದಳು: “ಅಜ್ಜಿ ಯಾಕಮ್ಮ ಇಷ್ಟು ಲೂಸಾಗಿ ಹೊಲಿಸ್ತಿದ್ರು?”

“ಸೆಕೆಗೆ,” ಎಂದೆ. ಕಾಗದ ಸೆರಗಿನೊಳಗೇ ಉಳಿಯಿತು.

ಹೊರಗೆ ಜಗಲಿಯ ಮೇಲೆ ಪಕ್ಕದ ಮನೆಯಾಕೆ ನಾಳೆಗೆ ಹೂ ಕಟ್ಟುತ್ತಿದ್ದರು. ಪಕ್ಕದಲ್ಲಿ ಕೂತೆ. ಬಾಳೆನಾರನ್ನು ಹಲ್ಲಿನಲ್ಲಿ ಸೀಳುತ್ತಾ ಅವರೆಂದರು: “ಪುಣ್ಯವಂತೆ ಕಣಮ್ಮ ನೀನು. ಹೊರಗಿನ ಸಂಬಂಧ ಆಗಿದ್ರೆ, ಅವ್ರ ಮನ್ತನದಾಗೆ ಏನ್ ಕಾಯ್ಲೆ ಐತೋ ಅಂತ ಊರೆಲ್ಲಾ ವಿಚಾರಿಸ್ಕಂಡು ಬರ್ಬೇಕಿತ್ತು.”