ಮಿಲ್ಕಾಬಾಯಿಯ ಹುಳಿಯಿಲ್ಲದ ರೊಟ್ಟಿ

ಪುಣೆಯ ರಾಸ್ತಾ ಪೇಟೆಯ ಹಳೆಯ ವಾಡೆಯೊಂದರಲ್ಲಿ ಮಿಲ್ಕಾಬಾಯಿ ನಾಗಾಂವಕರ ಅಂತ ಒಬ್ಬ ಹೆಂಗಸು ಇದ್ದರು. ಯಹೂದಿಗಳು. ಯಹೂದಿಗಳೆಂದರೆ ನಮ್ಮ ಮಂದಿಗೆ ಸಮುದ್ರದಾಚೆಯವರು ಅನ್ನಿಸುತ್ತದೆ. ಆದರೆ ಮಿಲ್ಕಾಬಾಯಿಯ ಹಿರಿಯರು ಕೊಂಕಣದ ಕರಾವಳಿಯಲ್ಲಿ ಗಾಣ ತಿರುವಿ ಬದುಕಿದವರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವೆಂದು ಊರವರು ಅವರನ್ನು ಶನಿವಾರದ ತೇಲಿಗಳು, ಅಂದರೆ ಶನಿವಾರದ ಗಾಣಿಗರು, ಎಂದು ಕರೆಯುತ್ತಿದ್ದರಂತೆ. ತಂದೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರಿಂದ ಅವರು ಆಡಿ ಬೆಳೆದದ್ದು ಹುಬ್ಬಳ್ಳಿಯಲ್ಲಿ, ಮದುವೆಯಾಗಿ ಬಂದದ್ದು ಪುಣೆಗೆ. ಮನೆಯಲ್ಲಿ ಮರಾಠಿ, ಪ್ರಾರ್ಥನೆಗೆ ಹೀಬ್ರೂ, ಸಿಟ್ಟು ಬಂದಾಗ ಅಚ್ಚ ಕನ್ನಡ.

ಬಾಗಿಲಲ್ಲಿ ನಿಂತರೆ ಅವರ ಪ್ರಾರ್ಥನಾ ಮಂದಿರ, ಸಿನಗಾಗ್, ಕಾಣುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅಲ್ಲಿಯ ಒಂದೊಂದೇ ಕೆಲಸವನ್ನು ಮಿಲ್ಕಾಬಾಯಿ ಮೈಮೇಲೆ ಎಳೆದುಕೊಂಡರು. ಸಂಬಳವಿಲ್ಲ, ಹುದ್ದೆಯೂ ಇಲ್ಲ. ತೂಗುದೀಪದ ಗಾಜಿನ ಬಟ್ಟಲು ಉಜ್ಜುವುದು, ಹರಕೆ ಹೊತ್ತವರ ಮಲೀದಾಕ್ಕೆ ಅವಲಕ್ಕಿ ತೊಯಿಸಿ ಸಕ್ಕರೆ, ಹಸಿ ಕೊಬ್ಬರಿ ಕಲಸುವುದು, ಹಾಸಿಗೆ ಹಿಡಿದವರಿಗೆ ಗಂಜಿ ಒಯ್ಯುವುದು. ಇದನ್ನೆಲ್ಲ ಯಾರು ಹೇಳಿದರು ಎಂದು ಕೇಳಿದರೆ, “ಹೇಳವರು ಯಾಕ ಬೇಕು? ಕಣ್ಣು ಅದಾವಲ್ಲ” ಅನ್ನುವರು.

ಆದರೆ ಅವರ ಜೀವ ಇದ್ದದ್ದು ಪೆಸಾಹ್ ಹಬ್ಬದ ರೊಟ್ಟಿಯಲ್ಲಿ. ಬಹು ಹಿಂದೆ ಈ ಜನ ಪರರಾಜನ ದಾಸ್ಯದಿಂದ ಬಿಡಿಸಿಕೊಂಡು ಹೊರಟಾಗ, ಕಲಸಿದ ಹಿಟ್ಟು ಹುದುಗು ಬರುವಷ್ಟೂ ಹೊತ್ತಿರಲಿಲ್ಲವಂತೆ. ಆ ನೆನಪಿಗಾಗಿ ಹಬ್ಬದ ದಿನಗಳಲ್ಲಿ ಹುಳಿ ಹತ್ತದ ರೊಟ್ಟಿಯನ್ನೇ ತಿನ್ನಬೇಕು. ಕೊಂಕಣದ ಮುದುಕಿಯರು ಇದನ್ನು ಹುಳಿಗಡಿಗೆಯ ಬಾಯಿ ಮುಚ್ಚುವ ಹಬ್ಬ ಎನ್ನುತ್ತಿದ್ದರು. ಮನೆಗೆ ಸುಣ್ಣ, ತಾಮ್ರದ ಪಾತ್ರೆಗಳಿಗೆ ಕಲಾಯಿ. ರೊಟ್ಟಿಗೆ ಮಾತ್ರ ಉಪ್ಪೂ ಇಲ್ಲ, ಎಣ್ಣೆಯೂ ಇಲ್ಲ. ಗೋದಿ ಹಿಟ್ಟಿಗೆ ನೀರು ಬಿದ್ದ ಗಳಿಗೆಯಿಂದ ಹದಿನೆಂಟು ನಿಮಿಷದೊಳಗೆ ನಾದಿ, ಲಟ್ಟಿಸಿ, ಚುಚ್ಚಿ, ಬೇಯಿಸಿ ಮುಗಿಸಬೇಕು. ಹೊತ್ತು ಮೀರಿತೋ, ಅದು ಹುಳಿಯಿತೆಂದೇ ಲೆಕ್ಕ.

ಒಂದು ಕಾಲಕ್ಕೆ ಸಿನಗಾಗಿನ ಅಂಗಳದ ತುಂಬ ಹೆಂಗಸರು, ನಗೆ, ಲಟ್ಟಣಿಗೆಯ ಸದ್ದು. ಬರಬರುತ್ತ ಒಂದೊಂದೇ ಮನೆ ಕೀಲಿ ಹಾಕಿ ಇಸ್ರೇಲಿಗೆ ಹೋಯಿತು. ಸಾವಿರದ ಒಂಬೈನೂರ ತೊಂಬತ್ತೆಂಟರ ಹೊತ್ತಿಗೆ ರೊಟ್ಟಿ ಕೆಲಸಕ್ಕೆ ನಾಲ್ಕೈದು ಹೆಂಗಸರು ಉಳಿದಿದ್ದರು. ಅವರಲ್ಲೂ ರೂಬಿಬಾಯಿಗೆ ಎಪ್ಪತ್ತು ದಾಟಿತ್ತು.

ಸಿನಗಾಗಿನ ಸೆಕ್ರೆಟರಿ ಸ್ಯಾಮ್ಸನ್ ಸಾಹೇಬರು ಖಡಕಿಯ ಕಾರ್ಖಾನೆಯಿಂದ ರಿಟೈರಾದವರು. ಅವರು ಮಿಲ್ಕಾಬಾಯಿಯನ್ನು ಕರೆದು ಮರಾಠಿಯಲ್ಲಿ ಹೇಳಿದರು: “ಬಾಯಿ, ಮುಂಬಯಿಯಿಂದ ಪಾಕೀಟಿನ ರೊಟ್ಟಿ ಸಿಗ್ತಾವ. ಪರದೇಶದ ಮಾಲು, ಮ್ಯಾಲೆ ಧರ್ಮಗುರುಗಳ ಮುದ್ರೆ. ಈ ವಯಸ್ಸಿನಾಗ ನೀವೆಲ್ಲ ಒಲಿ ಮುಂದ ಯಾಕ ಸಾಯ್ತೀರಿ?”

“ಪಾಕೀಟಿಗೆ ನಮ್ಮ ಬೆವರು ಹತ್ತೂದಿಲ್ಲಲ್ಲ.”

“ಬೆವರು ಹತ್ತಲಾರದ್ದ ಚಲೋ ಅಂತೀನಿ ನಾನು!” ಎಂದು ಸಾಹೇಬರು ನಕ್ಕರು. ಆಮೇಲೆ ಗಂಭೀರವಾಗಿ, “ಇದೊಂದು ವರ್ಷ ಮಾಡ್ರಿ. ನಮ್ಮ ಎಲ್ಲಾ ಮನಿಗೂ ಸಾಲೋ ಅಷ್ಟು ಆತಂದ್ರ ಮುಂದೂ ನಡೀಲಿ. ಕಡಿಮಿ ಬಿದ್ದರ, ಬರೂ ವರ್ಷದಿಂದ ಪಾಕೀಟು” ಅಂದರು.

ಮಿಲ್ಕಾಬಾಯಿ ಹ್ಞೂಂ ಅಂದು ಬಂದರು. ಕೈ ಸಾಲದೆಂದು ಗೊತ್ತಿತ್ತು. ವಾಡೆಯ ಹಿಂದಿನ ಖೋಲಿಯಲ್ಲಿ ಶಹಾಪುರದ ಕಡೆಯ ಶರಣಮ್ಮ ಇದ್ದಳು. ಗಂಡ ಭೀಮಣ್ಣ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಇಡೀ ಗಲ್ಲಿಯಲ್ಲಿ ಮಿಲ್ಕಾಬಾಯಿಯ ಜೊತೆ ಕನ್ನಡದಲ್ಲಿ ಜಗಳಾಡಬಲ್ಲವಳು ಅವಳೊಬ್ಬಳೇ. ಅವಳನ್ನು ಕರೆದು, “ಸಿಗಡಿ ಒಲಿಗೆ ಇದ್ದಲಿ ಹಾಕಿ, ನೀರು ತಂದು ಕೊಡ್ತಿ ಏನು?” ಎಂದು ಕೇಳಿದರು.

“ದೇವರ ಕೆಲಸಕ್ಕ ಕೇಳ್ತಾರೇನ್ರಿ ಅಕ್ಕಾರ? ಬಾ ಅನ್ರಿ, ಬರ್ತೀನಿ.”

ಹಬ್ಬದ ಹಿಂದಿನ ದಿನ, ಗುರುವಾರ, ಕೆಲಸ ಹೂಡಿದರು. ಗಿರಣಿಯವನು ಕಲ್ಲು ತೊಳೆದು ಮೊದಲು ಬೀಸಿಕೊಟ್ಟ ಹಿಟ್ಟು, ಹಿಂದಿನ ಸಂಜೆ ಸೇದಿ ಮುಚ್ಚಿಟ್ಟ ನೀರು. ಮಿಲ್ಕಾಬಾಯಿ ಸ್ವಲ್ಪ ಸ್ವಲ್ಪವೇ ಕಲಸುವರು, ಇಬ್ಬರು ಲಟ್ಟಿಸುವರು, ರೂಬಿಬಾಯಿ ಫೋರ್ಕಿನಿಂದ ಚುಚ್ಚುವರು, ಇನ್ನೊಬ್ಬರು ಹಂಚಿಗೆ ಹಾಕುವರು. ಪ್ರತಿ ಸಲವೂ ಮಣೆ, ಲಟ್ಟಣಿಗೆ, ಹಿಟ್ಟು ಕಲಸುವ ಪರಾತ ತೊಳೆದು ಒರೆಸಿ ಮತ್ತೆ ಮೊದಲಿಂದ. ಶರಣಮ್ಮ ಸಿಗಡಿಗೆ ಗಾಳಿ ಹಾಕುತ್ತ, “ಇಷ್ಟು ತೊಳದ್ರ ಮಣಿ ಕರಗೀತ್ರಿ!” ಎಂದು ನಗಿಸುತ್ತಿದ್ದಳು.

ಮಧ್ಯಾಹ್ನದ ಬಿಸಿಲು ಏರಿತು. ರೂಬಿಬಾಯಿಯ ಮುಖ ಕೆಂಡದಂತಾಗಿತ್ತು. ಬೇಗ ಮುಗಿಸಿಬಿಡಬೇಕೆಂದು ಮಿಲ್ಕಾಬಾಯಿ ಎಂದೂ ಮಾಡದ ಕೆಲಸ ಮಾಡಿದರು. ಉಳಿದ ಹಿಟ್ಟನ್ನೆಲ್ಲ ಒಮ್ಮೆಲೇ ಪರಾತಕ್ಕೆ ಸುರಿದು ನೀರು ಹಾಕಿ ನಾದಿದರು. ಉಂಡೆ ಕಟ್ಟಬೇಕೆನ್ನುವಷ್ಟರಲ್ಲಿ ರೂಬಿಬಾಯಿ ತಲೆ ತಿರುಗಿ ಗೋಡೆಗೆ ಒರಗಿಬಿಟ್ಟರು. ಶರಣಮ್ಮನೊಬ್ಬಳನ್ನು ಸಿಗಡಿಯ ಬಳಿ ಬಿಟ್ಟು ಎಲ್ಲರೂ ಎದ್ದು ಓಡಿದರು. ನೆರಳಿಗೆ ಮಲಗಿಸಿ, ಮುಖಕ್ಕೆ ನೀರು ಹೊಡೆದು, ಲಿಂಬು ಶರಬತ್ತು ಕುಡಿಸಿ, ಬೆನ್ನು ನೀವಿದರು. ಮುದುಕಿ ಕಣ್ಣು ಬಿಟ್ಟು, “ಸತ್ತಿಲ್ಲ ನಾನು, ಒಲಿ ನೋಡ್ರಿ” ಎಂದು ಬೈದ ಮೇಲೆಯೇ ಎಲ್ಲರಿಗೂ ಜೀವ ಬಂದದ್ದು.

ತಿರುಗಿ ಬಂದಾಗ ಪರಾತದ ಮೇಲೆ ಒದ್ದೆ ಅರಿವೆ ಹೊದಿಸಿತ್ತು. ಶರಣಮ್ಮ ಪಕ್ಕದಲ್ಲಿ ಕಾವಲು ಕೂತಂತೆ ಕೂತಿದ್ದಳು.

“ಅಕ್ಕಾರ, ಕಣಕ ಒಣಗಲಿಕ್ಕತ್ತಿತ್ತು. ನೀರು ಚಿಮುಕಿಸಿ ಒದ್ದಿ ಅರಬಿ ಹೊಚ್ಚೀನ್ರಿ. ಮುಂಜಾನಿಂದ ನೋಡ್ಲಿಕ್ಕತ್ತೀನಿ, ನೀವು ಯಾರೂ ಕಣಕ ನೆನೀಲಿಕ್ಕೇ ಬಿಡವಲ್ರಿ. ಈಗ ನೋಡ್ರಿ, ಬೆಣ್ಣಿ ಆಗ್ಯಾದ!”

ಮಿಲ್ಕಾಬಾಯಿ ಅರಿವೆ ಸರಿಸಿ ಬೆರಳಿಂದ ಒತ್ತಿ ನೋಡಿದರು. ಎಳೆಗೂಸಿನ ಕಿವಿಯ ಹಾಲೆಯಷ್ಟು ಮೆತ್ತಗಿತ್ತು. ಕನ್ನಡದ ಹೆಣ್ಣುಮಕ್ಕಳಿಗೆ ತಾಯಿ ಮೊದಲು ಕಲಿಸುವ ಪಾಠವನ್ನೇ ಶರಣಮ್ಮ ಮಾಡಿದ್ದಳು. ಮಾಡಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹದಿನೆಂಟು ನಿಮಿಷ ಎಂದೋ ದಾಟಿಹೋಗಿತ್ತು. ಅದು ಅವಳ ಅರಿವೆಯಿಂದಲ್ಲ, ತನ್ನ ಅವಸರದಿಂದ ಎಂದು ಮಿಲ್ಕಾಬಾಯಿಗೆ ತಿಳಿಯಿತು.

ರೂಬಿಬಾಯಿ ಮಲಗಿದಲ್ಲಿಂದಲೇ ಮರಾಠಿಯಲ್ಲಿ ಮೆಲ್ಲಗೆ ಅಂದರು: “ಮಿಲ್ಕಾ, ಲಟ್ಟಿಸಿಬಿಡು. ಗಡಿಯಾರ ಯಾರು ನೋಡ್ಯಾರ? ನನ್ನಿಂದ ಆದ ತಡ. ಆ ಪಾಪ ನನ್ನ ತಲಿ ಮ್ಯಾಲೆ ಇರಲಿ.”

ಈ ಹಿಟ್ಟು ಹೋದರೆ ಎಷ್ಟೋ ಮನೆಗೆ ರೊಟ್ಟಿ ಇಲ್ಲ, ಬರುವ ವರ್ಷ ಈ ಅಂಗಳದಲ್ಲಿ ಒಲೆಯೂ ಇಲ್ಲ. ಗಿರಣಿಯಲ್ಲಿ ಆಗಲೇ ಬೇರೆಯವರ ಜೋಳ ಬೀಸುತ್ತಿದ್ದರು, ತೊಳೆದ ಕಲ್ಲಿನ ಹಿಟ್ಟು ಇನ್ನು ಸಿಗದು. ಮಿಲ್ಕಾಬಾಯಿ ಲಟ್ಟಣಿಗೆ ಕೈಗೆತ್ತಿಕೊಂಡರು. ಒಂದು ಉಂಡೆಯನ್ನೂ ಹರಿದರು. ಅಂಗೈಯಲ್ಲಿ ಅದನ್ನು ಹೊರಳಿಸಿದರು. ಆಮೇಲೆ ಅದನ್ನು ಪರಾತಕ್ಕೆ ಹಾಕಿ, ಪರಾತವನ್ನೇ ಶರಣಮ್ಮನ ಕಡೆ ಸರಿಸಿದರು.

“ಇದನ್ನ ನಿಮ್ಮ ಮನೀಗೆ ಒಯ್ಯಿ ಶರಣವ್ವ. ನಮಗಿನ್ನ ನಡಿಯೂದಿಲ್ಲ.”

ಶರಣಮ್ಮನ ಮುಖ ಇಳಿದುಹೋಯಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದ್ದಳು.

“ನಾ ಮುಟ್ಟಿದ್ದಕ್ಕೇನ್ರಿ ಅಕ್ಕಾರ?” ಅಂದಳು. “ನಮ್ಮೂರಾಗ ದೊಡ್ಡವರ ಮನಿ ನೀರಿನ ಕೊಡ ನಮ್ಮವ್ವ ಮುಟ್ಟಿದ್ದಕ್ಕ ಕೊಡಾನ ಒಡದಿದ್ರು. ಇಲ್ಲಿ ನೀವು ಹಂಗಲ್ಲ ಅಂತ ತಿಳಕೊಂಡಿದ್ದೆ.”

ಮಿಲ್ಕಾಬಾಯಿಯ ರೊಟ್ಟಿಯ ಚಿಂತೆ ಎಲ್ಲಿಗೆ ಹೋಯಿತೋ. ಎದ್ದು ಹೋಗಿ ಶರಣಮ್ಮನ ಎರಡೂ ಕೈ ಹಿಡಿದುಕೊಂಡರು.

“ಅಯ್ಯ ಹುಚ್ಚವ್ವ! ನಿನ್ನ ಕೈ ಅಲ್ಲ. ಹೊತ್ತು. ನೀರು ಬಿದ್ದ ಮ್ಯಾಲೆ ಹಿಟ್ಟು ಕೂಡಬಾರದು, ಕೂತರ ಹುಳಿ ಬಂತು ಅಂತ ಶಾಸ್ತ್ರ. ನನ್ನ ಕೈಯಾಗಿದ್ರೂ ಅಷ್ಟ, ರೂಬಿಬಾಯಿ ಕೈಯಾಗಿದ್ರೂ ಅಷ್ಟ. ನಾ ನಿನಗ ಹೇಳಬೇಕಾಗಿತ್ತು, ಹೇಳಲಿಲ್ಲ.”

ಶರಣಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ನಂಬಲೂ ಇಲ್ಲ. ಅದು ಮಿಲ್ಕಾಬಾಯಿಗೆ ಕಂಡಿತು. “ನಡಿ, ನಿಮ್ಮ ಒಲಿ ಹೊತ್ತಿಸು” ಎಂದು ಪರಾತವನ್ನು ತಾವೇ ಎತ್ತಿಕೊಂಡರು. “ಹಬ್ಬ ನಾಳಿ ಸಂಜೀಗೆ. ಇವತ್ತು ಚಪಾತಿ ತಿನ್ನಲಿಕ್ಕೆ ಯಾವ ಶಾಸ್ತ್ರಾನೂ ಅಡ್ಡ ಬರೂದಿಲ್ಲ. ಹೊಟ್ಟಿ ಹಸದಾವ.”

ಶರಣಮ್ಮನ ಖೋಲಿಯಲ್ಲಿ ಹೆಂಗಸರೆಲ್ಲ ಕಾಲು ಮಡಚಿ ಕೂತರು. ರೂಬಿಬಾಯಿಯೂ ಗೋಡೆ ಹಿಡಿದುಕೊಂಡು ಬಂದರು. ಶರಣಮ್ಮ ಎಣ್ಣೆ ಸವರಿ ಬೇಯಿಸಿದ ಬಿಸಿ ಚಪಾತಿ, ಮೇಲೆ ಶೇಂಗಾ ಚಟ್ನಿ. ಮಿಲ್ಕಾಬಾಯಿ ಮೊದಲ ಚಪಾತಿಯನ್ನು ಅವಳ ಕೈಯಿಂದಲೇ ಇಸಿದುಕೊಂಡು ತಿಂದರು, ಮತ್ತೊಂದು ಕೇಳಿದರು. ರೂಬಿಬಾಯಿ ಮರಾಠಿಯಲ್ಲಿ ಏನೋ ಅಂದರು.

“ಏನಂತಾರ್ರಿ ಅವ್ರು?”

“ನಮ್ಮ ಶಾಸ್ತ್ರಕ್ಕಿಂತ ನಿನ್ನ ಚಪಾತಿ ರುಚಿ ಅದ ಅಂತಾಳ. ಮುದುಕಿ ಕೆಟ್ಟು ಹೋದಳು.”

ಆಗ ಶರಣಮ್ಮ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಹೊಗೆ ಅಂದಳು.

ಸಂಜೆ ಮಿಲ್ಕಾಬಾಯಿ ಆದಷ್ಟು ರೊಟ್ಟಿಗಳನ್ನು ಬಿಳಿ ಪಂಜೆಯಲ್ಲಿ ಕಟ್ಟಿಕೊಂಡು ಸ್ಯಾಮ್ಸನ್ ಸಾಹೇಬರ ಮುಂದೆ ಇಟ್ಟರು. ನಡೆದದ್ದನ್ನು ನಡೆದಂತೆ ಹೇಳಿದರು. ರೂಬಿಬಾಯಿ ಲಟ್ಟಿಸಿಬಿಡು ಎಂದದ್ದನ್ನಷ್ಟೇ ನುಂಗಿಕೊಂಡರು.

“ಎಲ್ಲಾ ಮನಿಗೂ ಸಾಲೂದಿಲ್ಲ ಸಾಹೇಬ್ರ. ನಾ ಸೋತೆ.”

ಸಾಹೇಬರು ಕಪಾಟು ತೆರೆದರು. ಒಳಗೆ ಪಾಕೀಟುಗಳು ಸಾಲಾಗಿದ್ದವು. ಕಡಿಮೆ ಬಿದ್ದರೆ ಇರಲೆಂದು ಅವರು ಮೊದಲೇ ತರಿಸಿಟ್ಟಿದ್ದರು. ಸಾಹೇಬರು ಒಂದು ಪಾಕೀಟು ತೆಗೆದು ಕನ್ನಡಕ ಏರಿಸಿ ಅದರ ಮೇಲಿನ ಮುದ್ರೆಯನ್ನು ನೋಡಿದರು.

“ಇದು ಶುದ್ಧ ಅದ ಅಂತ ಯಾರೋ ಸಹಿ ಹಾಕ್ಯಾರ. ಅವರನ್ನ ನಾ ಕಂಡಿಲ್ಲ” ಅಂದರು. ಪಾಕೀಟು ಕೆಳಗಿಟ್ಟು ಪಂಜೆಯ ಗಂಟಿನ ಮೇಲೆ ಕೈ ಇಟ್ಟರು. “ಎಲ್ಲಾ ಮನಿಗೂ ನಿಮ್ಮದು ಒಂದೊಂದು ಕೊಡೂಣು. ಮಂತ್ರ ಹೇಳಿ ಮುರಿಯಲಿಕ್ಕೆ ಇದು. ಹೊಟ್ಟಿ ತುಂಬಲಿಕ್ಕೆ ಪಾಕೀಟು.”

“ಮತ್ತ ಮುಂದಿನ ವರ್ಷ?”

“ಮುಂದಿನ ವರ್ಷನೂ ಹಿಂಗ. ಒಂದೊಂದಷ್ಟ ಮಾಡ್ರಿ. ರೂಬಿಬಾಯೀನ ಮಾತ್ರ ಬಿಸಲಾಗ ಕೂಡಸಬ್ಯಾಡ್ರಿ.”

ಅಂಗಳ ತುಂಬುವ ಹಳೆಯ ಕೆಲಸ ಇನ್ನಿಲ್ಲವೆಂದು ಮಿಲ್ಕಾಬಾಯಿಗೆ ಅರ್ಥವಾಯಿತು. ಒಲೆ ಆರುವುದಿಲ್ಲ ಎಂಬುದೂ ಅರ್ಥವಾಯಿತು. ತಿರುಗಿ ಬರುವಾಗ ಅವರು ಮನೆಗೆ ಹೋಗಲಿಲ್ಲ. ಹಿಂದಿನ ಖೋಲಿಯ ಬಾಗಿಲು ತಟ್ಟಿದರು.

“ಶರಣವ್ವಾ, ಬರೂ ವರ್ಷ ಮತ್ತ ಅದ. ಬರ್ತಿ ಹೌದಿಲ್ಲೋ?”

ಶರಣಮ್ಮ ಒಳಗಿನಿಂದಲೇ ಅಂದಳು: “ಬರ್ತೀನ್ರಿ. ಆದ್ರ ನಿಮ್ಮ ದೇವರಿಗೆ ಇಷ್ಟು ಅವಸರ ಯಾಕಂತ ಮೊದಲ ಕೂತು ಹೇಳ್ರಿ.”

ಮಿಲ್ಕಾಬಾಯಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತರು. ಸೆರೆಯಿಂದ ಹೊರಟ ಜನರ ಕಥೆಯನ್ನು ಹುಬ್ಬಳ್ಳಿಯ ಕನ್ನಡದಲ್ಲಿ, ಮೊದಲಿನಿಂದ, ಹೇಳತೊಡಗಿದರು.