ಪದ್ಮಜಾ ಆರಿಸಿದ ಪರದೆ

ಪದ್ಮಜಾಳಿಗೆ ಆಗ ಮೂವತ್ತೊಂದು. ಇಳಕಲ್ಲಿನಲ್ಲಿ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ತಂದೆ ಮತ್ತು ತಮ್ಮನ ಜೊತೆ ಇದ್ದಳು. ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವಳ ಕೆಲಸ ಸೀರೆಗಳ ಫೋಟೋ ತೆಗೆಯುವುದು. ಓಣಿಯಲ್ಲಿ ಅದನ್ನು ಕೆಲಸವೆಂದು ಎಣಿಸಿದವರು ಕಡಿಮೆ.

ಬೆಳಿಗ್ಗೆ ಎಂಟರಿಂದ ಒಂಬತ್ತೂವರೆಯವರೆಗೆ, ಬಿಸಿಲು ಇನ್ನೂ ಬೆಳ್ಳಗಾಗದ ಹೊತ್ತಿನಲ್ಲಿ, ಮಾಳಿಗೆಯ ಮೇಲೆ ಹಗ್ಗ ಕಟ್ಟಿ ಸೀರೆ ಇಳಿಬಿಡುತ್ತಿದ್ದಳು. ಮೈಯದು ಒಂದು ಫೋಟೋ, ದಡಿಯದು ಒಂದು, ಸೆರಗಿನವು ಎರಡು, ಮೈಗೂ ಸೆರಗಿಗೂ ಕೊಂಡಿ ಹಾಕಿದ ಜಾಗದ್ದು ಒಂದು. ಐದಕ್ಕಿಂತ ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ಆಮೇಲೆ ಮೊಬೈಲಿನಲ್ಲೇ ಬಣ್ಣ ತಿದ್ದಿ ಸಿದ್ದವ್ವನಿಗೆ ಕಳಿಸುತ್ತಿದ್ದಳು.

ಸಿದ್ದವ್ವ ಹನ್ನೊಂದು ಮಗ್ಗದವರನ್ನು ಕೂಡಿಸಿಕೊಂಡು, ನಡುವಿನ ಅಂಗಡಿಯವರನ್ನು ಕೈಬಿಟ್ಟು, ಪುಣೆ ಸೊಲ್ಲಾಪುರದವರೆಗೆ ಫೋನಿನಲ್ಲೇ ಸೀರೆ ಮಾರುವ ಹೆಂಗಸು. ಅವಳಿಗೆ ಒಂದೇ ಕಾಟ. ಫೋಟೋದಲ್ಲಿ ಕಂಡ ಬಣ್ಣ ಕೈಗೆ ಬಂದ ಸೀರೆಯಲ್ಲಿ ಇಲ್ಲವೆಂದು ಹತ್ತರಲ್ಲಿ ಒಂದು ಸೀರೆ ತಿರುಗಿ ಬರುತ್ತಿತ್ತು. ಆ ವರ್ಷ ಶ್ರಾವಣದಲ್ಲಿ ಪದ್ಮಜಾಳನ್ನು ಕರೆದು ಹೇಳಿದಳು: "ದಸರಾಕ್ಕ ಅರವತ್ತು ಸೀರಿ ಅದಾವ. ಎಲ್ಲಾ ನಿನಗ ಕೊಡ್ತೇನಿ. ಸಣ್ಣ ಫೋನ್‌ನ್ಯಾಗ ಮಾಡಬ್ಯಾಡ, ದೊಡ್ಡ ಮಶೀನ್ ತಗೋ. ಬಣ್ಣ ಖರೆ ಬಂತಂದ್ರ ವರ್ಷಪೂರ್ತಿ ಕೆಲಸ ನಿಂದ, ತಿಂಗಳ ಪಗಾರ. ಬರಲಿಲ್ಲಂದ್ರ ನಾ ಬ್ಯಾರೆಯವರನ್ನ ನೋಡಬೇಕಾಕ್ಕೈತಿ, ಈಗ ಹೇಳೀನಿ."

ಹೀಗೆ ಪದ್ಮಜಾ ನನ್ನ ಅಂಗಡಿಗೆ ಬಂದಳು. ಓಣಿಯ ತುದಿಯಲ್ಲಿ ನನ್ನದು ಕಂಪ್ಯೂಟರ್ ಅಂಗಡಿ. ಬಿ.ಎಸ್ಸಿ. ಮುಗಿಸಿದ ಮೇಲೆ ಹನ್ನೆರಡು ವರ್ಷದಿಂದ, ಹುಬ್ಬಳ್ಳಿಯಿಂದ ಬಿಡಿಭಾಗ ತರಿಸಿ ಜೋಡಿಸಿಕೊಡುತ್ತೇನೆ. ಅವಳ ಹಿಂದೆಯೇ ತಮ್ಮ ವಿಕಾಸನೂ ಬಂದ. ಇಪ್ಪತ್ತಾರು ವಯಸ್ಸು, ಪಿಎಸ್‌ಐ ಪರೀಕ್ಷೆಗೆ ಮೂರು ಸಲ ಕೂತಿದ್ದ, ನಾಲ್ಕನೆಯದಕ್ಕೆ ಓದುತ್ತಿದ್ದಾನೆ ಎಂದು ಮನೆಯಲ್ಲಿ ಹೇಳುತ್ತಿದ್ದರು. ಕೈಯಲ್ಲಿದ್ದದ್ದು ಅರವತ್ತು ಸಾವಿರ. ನಲವತ್ತು ಪದ್ಮಜಾ ಎರಡು ವರ್ಷ ಕೂಡಿಸಿದ್ದು, ಇಪ್ಪತ್ತು ತಂದೆಯ ಪಿಂಚಣಿಯದು. ಇಪ್ಪತ್ತರ ಜೊತೆ ಒಂದು ಷರತ್ತೂ ಬಂದಿತ್ತು: ಮಶೀನು ಇಬ್ಬರಿಗೂ ಸೇರಿದ್ದು, ಅಕ್ಕನ ಫೋಟೋಕ್ಕೂ ತಮ್ಮನ ಕಂಪ್ಯೂಟರ್ ಆಟಕ್ಕೂ.

"ಅಮರೇಶಣ್ಣ, ಆಟಕ್ಕ ಯಾವುದು ಬೇಕು, ಫೋಟೋಕ್ಕ ಯಾವುದು ಬೇಕು, ಮೊದಲ ಬಿಡಿಸಿ ಹೇಳ್ರಿ" ಎಂದಳು.

"ಪ್ರೊಸೆಸರ್, ಬೋರ್ಡ್, ಹದಿನಾರು ಜಿಬಿ ರ್‍ಯಾಮ್, ಇವು ಇಬ್ಬರಿಗೂ ಬೇಕು. ಪವರ್ ಸಪ್ಲೈದಾಗ ಉಳಿಸಾಕ ಹೋಗಬ್ಯಾಡ್ರಿ, ಅದು ಸುಟ್ಟರ ಉಳಿದದ್ದನ್ನೂ ಸುಡತೈತಿ. ಕ್ಯಾಬಿನೆಟ್ಟಿಗೆ ಜಾಳಗಿ ಇರಬೇಕು, ನಮ್ಮೂರ ಕಲ್ಲಿನ ಧೂಳ ಗೊತ್ತೈತಲ್ಲ. ಇಲ್ಲಿತನಕ ಜಗಳಿಲ್ಲ. ಆಟಕ್ಕ ಗ್ರಾಫಿಕ್ಸ್ ಕಾರ್ಡ್ ಮುಖ್ಯ. ನಿನ್ನ ಕೆಲಸಕ್ಕ ಪರದಿ ಮುಖ್ಯ. ಎರಡೂ ಚಲೋ ಬೇಕಂದ್ರ ಎಪ್ಪತ್ತು ಸಾವಿರದತನಕ ಹೋಗತೈತಿ."

"ಹಂಗಾರ ಕಾರ್ಡ್ ನನಗ" ಎಂದ ವಿಕಾಸ. "ಅಕ್ಕನ ಸೀರಿ ಓಡೂದಿಲ್ಲ, ಹಾರೂದಿಲ್ಲ, ಹಗ್ಗಕ್ಕ ಜೋತುಬಿದ್ದಿರ್ತದ. ನನ್ನ ಆಟದ ಗಾಡಿ ಓಡಬೇಕು."

"ನಿನ್ನ ಗಾಡಿ ಓಡಿ ಎಲ್ಲಿಗೆ ಮುಟ್ಟೇದ ಇಲ್ಲಿತನಕ?"

ವಿಕಾಸ ನಕ್ಕ. ಮಾತು ಚುಚ್ಚಿದರೂ ನಗುವ ಹುಡುಗ ಅವನು, ಕೆಟ್ಟವನಲ್ಲ.

ಪರದೆ ಆರಿಸಲು ಪದ್ಮಜಾ ಒಂದು ಬಟ್ಟೆಯ ತುಂಡು ತಂದಿದ್ದಳು. ಹರಿದ ಸೀರೆಯ ಸೆರಗಿನಿಂದ ಕತ್ತರಿಸಿದ ಅಂಗೈ ಅಗಲದ ದಾಳಿಂಬೆ ಕೆಂಪು ರೇಷ್ಮೆ. ಅದರದೇ ಫೋಟೋ ಪೆನ್‌ಡ್ರೈವಿನಲ್ಲಿತ್ತು. ನನ್ನಲ್ಲಿದ್ದ ಮೂರು ಪರದೆಗಳ ಮೇಲೆ ಅದೇ ಫೋಟೋ ಹಾಕಿಸಿದಳು. ಆಮೇಲೆ ಮೂರನ್ನೂ ಒಂದೊಂದಾಗಿ ಅಂಗಡಿಯ ಬಾಗಿಲಿಗೆ ತರಿಸಿದಳು.

"ಟ್ಯೂಬ್‌ಲೈಟಿನ್ಯಾಗ ಸೀರಿ ನೋಡಿದ್ರ ಸಿದ್ದವ್ವ ಬೈತಾಳ್ರಿ. ಬಾಗಲಾಗ ನೋಡಬೇಕು."

ನೇಕಾರರು ನೂಲು ಆರಿಸುವ ರೀತಿ ಅದು. ಪರದೆಗೆ ಅದನ್ನು ಹಚ್ಚಿದವರನ್ನು ನಾನು ಕಂಡಿರಲಿಲ್ಲ. ಮೊದಲನೆಯದರಲ್ಲಿ ಕೆಂಪು ಇಟ್ಟಂಗಿಯ ಬಣ್ಣಕ್ಕೆ ತಿರುಗಿತ್ತು. ಎರಡನೆಯದರಲ್ಲಿ ಗುಲಾಬಿಯ ಕಡೆಗೆ. ಮೂರನೆಯದರ ಪಕ್ಕದಲ್ಲಿ ಬಟ್ಟೆ ಹಿಡಿದಾಗ ಬಟ್ಟೆ ತುಸು ಮಂದವಾಗಿತ್ತು, ಬಣ್ಣ ಮಾತ್ರ ಅದೇ. ಅದರ ಬೆಲೆ ಹದಿನಾರೂವರೆ ಸಾವಿರ. ಫೋಟೋಗಳಿಗೆ ಬೇಕಾದ ಬಣ್ಣಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತನ್ನು ತೋರಿಸುತ್ತದೆಂದು ಡಬ್ಬಿಯ ಮೇಲೆ ಅಚ್ಚಾಗಿತ್ತು. ಆರೂವರೆ ಸಾವಿರದ ಮೊದಲನೆಯದು ಅರವತ್ತರ ಆಸುಪಾಸು. ಡಬ್ಬಿ ಓದದೆ, ಒಂದು ತುಂಡು ರೇಷ್ಮೆಯಿಂದ ಅವಳು ಅದೇ ಉತ್ತರಕ್ಕೆ ಬಂದಿದ್ದಳು.

ಪಟ್ಟಿ ಬರೆದೆ. ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್, ಒಳ್ಳೆಯ ಪರದೆ. ಕಾರ್ಡಿನ ಜಾಗ ಖಾಲಿ. "ಯುಗಾದಿಗೆ ನಾನೇ ನಿನಗ ಕಾರ್ಡ್ ಕೊಡಸ್ತೇನಿ" ಎಂದು ಪದ್ಮಜಾ ತಮ್ಮನಿಗೆ ಹೇಳಿದಳು. ಅವನೂ ಒಪ್ಪಿದ.

ಮೂರನೆಯ ದಿನ ದತ್ತಾತ್ರೇಯ ಮಾಸ್ತರರ ಫೋನ್ ಬಂತು. ಅವರು ಪದ್ಮಜಾಳ ತಂದೆ. ಹುನಗುಂದದ ಹೈಸ್ಕೂಲಿನಲ್ಲಿ ನನಗೆ ಮೂರು ವರ್ಷ ವಿಜ್ಞಾನ ಕಲಿಸಿದವರು. ಪಟ್ಟಕದಿಂದ ಗೋಡೆಯ ಮೇಲೆ ಏಳು ಬಣ್ಣ ಬೀಳಿಸಿ, ಕೆಂಪು ಎಂದರೆ ಒಂದೇ ಕೆಂಪಲ್ಲ ಎಂದು ಮೊದಲು ತೋರಿಸಿದವರೂ ಅವರೇ. ಅವರ ಹೆಸರು ಫೋನಿನಲ್ಲಿ ಕಂಡರೆ ನಾನು ಈಗಲೂ ಕುರ್ಚಿಯಿಂದ ಏಳುತ್ತೇನೆ.

"ಅಮರೇಶ, ಆ ಪಟ್ಟಿಯೊಳಗ ಸ್ವಲ್ಪ ಬದಲಾವಣಿ ಮಾಡಪಾ. ಸಣ್ಣ ಪರದಿ ಹಾಕು. ಉಳಿದ ರೊಕ್ಕದಾಗ ಆ ಕಾರ್ಡ್ ಏನದ, ಅದನ್ನ ಕೂಡಿಸು."

"ಸರ, ಫೋಟೋದ ಬಣ್ಣ..."

"ಬಣ್ಣಕ್ಕೇನಾಗ್ತದ, ಕೆಂಪು ಯಾವುದರಾಗೂ ಕೆಂಪ ಕಾಣ್ತದ. ನೋಡು, ನಿನ್ನ ಮುಂದ ಮುಚ್ಚಿಡೂದೇನದ. ಹುಡುಗ ಮನಿ ಬಿಟ್ಟು ಹೊರಗ ಬರವಲ್ಲ, ಸರಿಯಾಗಿ ಉಣವಲ್ಲ. ಒಂದು ಆಟ ಇದ್ರ ಮನಸ್ಸು ತಿಳಿಯಾಗ್ತದ. ಅಕಿ ಇವತ್ತಲ್ಲ ನಾಳೆ ಮದುವಿಯಾಗಿ ಹೋಗಾಕಿ. ಮಶೀನ್ ಉಳಿಯೂದು ಈ ಮನಿಯೊಳಗ. ಅಕಿಗೆ ನಾ ಹೇಳ್ತೇನಿ."

"ಹೂಂ ಸರ" ಎಂದೆ.

ಫೋನ್ ಇಟ್ಟ ಮೇಲೆ ಸಮಾಧಾನವನ್ನೂ ಹುಡುಕಿಕೊಂಡೆ. ಕಾರ್ಡನ್ನು ಯುಗಾದಿಗೆ ಕೂಡಿಸಬಹುದಾದರೆ ಪರದೆಯನ್ನೂ ಯುಗಾದಿಗೆ ಬದಲಿಸಬಹುದು. ಲೆಕ್ಕ ಸರಿಯಾಗಿಯೇ ಇತ್ತು. ದಸರಾ ಯುಗಾದಿಗಿಂತ ಮೊದಲು ಬರುತ್ತದೆ ಎಂಬುದೊಂದನ್ನು ಬಿಟ್ಟು. ಪದ್ಮಜಾಳ ನಂಬರ್ ನನ್ನ ಬಳಿ ಇತ್ತು. ಮಾಸ್ತರರು ಹೇಳುತ್ತೇನೆಂದ ಮೇಲೆ ನಾನು ಕೇಳಿದರೆ ಅವರನ್ನು ನಂಬಲಿಲ್ಲವೆಂದಾಗುತ್ತದೆ ಎಂದು ಫೋನ್ ಮಾಡಲಿಲ್ಲ.

ಅವರು ಹೇಳಿರಲಿಲ್ಲ. ಜೋಡಿಸಲು ಅವರ ಮನೆಗೆ ಹೋದ ದಿನ ಪದ್ಮಜಾ ತಾನೇ ಪರದೆಯ ಡಬ್ಬಿ ಬಿಚ್ಚಿದಳು. ಹಿಂಬದಿಯ ಚೀಟಿ ಓದಿದಳು. ಎರಡು ಸಲ ಓದಿದಳು.

"ಇದು ಅದಲ್ಲಲ್ಲರಿ."

ಒಳಗಿನಿಂದ ಮಾಸ್ತರರು, "ನಾನೇ ಹೇಳೇನಿ ಅವಗ. ಮೊದಲ ಮಾಡಿ ನೋಡು, ಆಮ್ಯಾಲ ಮಾತಾಡು" ಎಂದರು.

ಅವಳು ತಂದೆಯ ಕಡೆ ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ತಂತಿ ಸಿಕ್ಕಿಸುತ್ತಿದ್ದೆ, ಅದನ್ನೇ ಸಿಕ್ಕಿಸಿದೆ. ಒಳಗೆ ಹೋಗಿ ಚಹಾ ತಂದುಕೊಟ್ಟಳು. ಅಷ್ಟರಲ್ಲಿ ವಿಕಾಸ ಆಟ ಹಾಕಿದ್ದ. ಗಾಡಿ ಎಲ್ಲಿಯೂ ನಿಲ್ಲದೆ ಓಡಿತು. ಹೊಸ ಕಾರ್ಡು ಸೆಕೆಂಡಿಗೆ ಅರವತ್ತು ಚಿತ್ರ ತೋರಿಸುತ್ತಿತ್ತು.

ಆಮೇಲಿನದನ್ನು ಸ್ವಲ್ಪ ಅವಳಿಂದ, ಸ್ವಲ್ಪ ಸಿದ್ದವ್ವನಿಂದ ಕೇಳಿದ್ದೇನೆ. ಅರವತ್ತು ಸೀರೆ, ಮುನ್ನೂರು ಫೋಟೋ, ಹನ್ನೆರಡು ದಿನ. ಮಧ್ಯಾಹ್ನ ಮೂರರವರೆಗೆ ಮಶೀನು ಅವಳದು, ಆಮೇಲೆ ತಮ್ಮನದು. ಆ ಪರದೆಯಲ್ಲಿ ದಾಳಿಂಬೆ ಕೆಂಪು ಇಟ್ಟಂಗಿಯಾಗಿ ಕಾಣುತ್ತಿತ್ತು. ಅದನ್ನು ದಾಳಿಂಬೆಯಾಗುವವರೆಗೆ ತಿದ್ದಿದರೆ ಬೇರೆಯವರ ಮೊಬೈಲಿನಲ್ಲಿ ಉರಿಗೆಂಪಾಗುತ್ತಿತ್ತು. ತನ್ನ ಮೊಬೈಲಿನಲ್ಲಿ ನೋಡಿದಳು, ವಿಕಾಸನ ಮೊಬೈಲಿನಲ್ಲಿ ನೋಡಿದಳು. ಎರಡೂ ಬೇರೆ ಬೇರೆ ಹೇಳಿದವು. ಪರದೆ ಎಷ್ಟು ತಪ್ಪುತ್ತದೆಂದು ಬರೆದಿಟ್ಟುಕೊಂಡು ಅಷ್ಟನ್ನು ಕಳೆದು ತಿದ್ದಲು ನೋಡಿದಳು. ಹಸಿರು, ನೀಲಿಗೆ ಅದು ನಡೆಯಿತು, ಕೆಂಪಿಗೆ ನಡೆಯಲಿಲ್ಲ. ಪರದೆ ತೋರಿಸಲಾರದ ಬಣ್ಣವನ್ನು ಅಂದಾಜಿನಿಂದ ತಿದ್ದುವುದು ಆಗದ ಕೆಲಸ.

ಅವಳು ಆರಿಸಿದ ಪರದೆ ಆ ಹನ್ನೆರಡು ದಿನವೂ ನನ್ನ ಅಂಗಡಿಯಲ್ಲಿ, ಗಿರಾಕಿಗಳಿಗೆ ತೋರಿಸಲೆಂದು ಇಟ್ಟಲ್ಲಿಯೇ ಇತ್ತು. ಒಯ್ದು ಕೊಡಬಹುದಿತ್ತು. ಕೊಟ್ಟಿದ್ದರೆ ಮಾಸ್ತರರು ತಪ್ಪೆಂದು ಅವರ ಮನೆಯಲ್ಲೇ ಹೇಳಿದಂತಾಗುತ್ತಿತ್ತು.

ಅರವತ್ತರಲ್ಲಿ ನಲವತ್ತನಾಲ್ಕು ಸೀರೆ ಮಾರಿಹೋದವು. ಹತ್ತೊಂಬತ್ತು ತಿರುಗಿ ಬಂದವು, ಅದರಲ್ಲಿ ಹದಿನೈದು ಕೆಂಪು. ಸಿದ್ದವ್ವ ಬೈಯಲಿಲ್ಲ. ಪಾರ್ಸಲ್ಲುಗಳನ್ನು ಪದ್ಮಜಾಳ ಮುಂದೆ ಸಾಲಾಗಿ ಇಟ್ಟು, ಕುಂಡ್ರು ಎಂದಳಂತೆ. "ನಿನ್ನ ಮ್ಯಾಲ ಸಿಟ್ಟಿಲ್ಲವ್ವ. ಆದ್ರ ಹನ್ನೊಂದ ಮಂದಿ ನನ್ನ ಮಾರಿ ನೋಡ್ತಾರ. ಅವರ ಸೀರಿ ಸುಳ್ಳ ಹೇಳಂಗಿಲ್ಲ, ನಿನ್ನ ಫೋಟೋ ಹೇಳ್ಯಾವ." ದೀಪಾವಳಿಯ ಸೀರೆಗಳು ಬಾಗಲಕೋಟೆಯ ಒಂದು ಸ್ಟುಡಿಯೋಕ್ಕೆ ಹೋದವು. ವರ್ಷದ ಕೆಲಸವೂ ಅಲ್ಲಿಗೇ ಹೋಯಿತು.

ಕಾರ್ತಿಕದಲ್ಲಿ ಒಂದು ಭಾನುವಾರ ನಾನು ಆ ಪರದೆಯನ್ನು ಹೊತ್ತುಕೊಂಡು ಅವರ ಮನೆಗೆ ಹೋದೆ. ದುಡ್ಡು ಕೇಳುವ ವಿಚಾರವಿರಲಿಲ್ಲ. ಪದ್ಮಜಾ ಪಡಸಾಲೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಅಷ್ಟೊತ್ತಿಗೆ ಅವಳು ಒಂದು ಗ್ರಾನೈಟ್ ಕಾರ್ಖಾನೆಯ ಆಫೀಸಿಗೆ ಹೋಗತೊಡಗಿದ್ದಳು. ಕಲ್ಲಿನ ಹಲಗೆಗಳ ಉದ್ದ, ಅಗಲ, ದಪ್ಪ ಬರೆದಿಡುವ ಕೆಲಸ.

"ಇದನ್ನ ಈಗ ಯಾಕ ತಂದ್ರಿ?" ಎಂದಳು.

"ನಿನಗ. ಸಿದ್ದವ್ವನ ಕಡೆ ಇನ್ನೊಮ್ಮೆ ನಾ ಮಾತಾಡ್ತೇನಿ. ತಪ್ಪು ನಂದು ಅಂತ ಹೇಳ್ತೇನಿ."

"ಅಕಿ ಆ ಸ್ಟುಡಿಯೋದವರಿಗೆ ವರ್ಷದ ಮಾತು ಕೊಟ್ಟಾಳ. ಅಕಿ ಮಾತು ತಪ್ಪಾಕಿ ಅಲ್ಲ. ತಪ್ಪಾಕಿ ಆಗಿದ್ರ ನಾನೂ ಅಕಿ ಕಡೆ ಕೆಲಸ ಮಾಡ್ತಿರಲಿಲ್ಲ."

ಒಳಗಿನಿಂದ ವಿಕಾಸ ಬಂದು ಡಬ್ಬಿ ನೋಡಿದ. "ಅಣ್ಣಾ, ಇದು ಭಾಳ ಚಲೋದು. ಎರಡು ಪರದಿ ಕೂಡಿಸಿ ಆಡಬಹುದಲ್ಲ?" ಮಾಸ್ತರರೂ ಬಂದರು. ನನ್ನ ಹೆಗಲ ಮೇಲೆ ಕೈ ಇಟ್ಟರು. "ಯಾಕ ತೊಂದರಿ ತಗೊಂಡಿ, ಅಮರೇಶ. ತಂದೀ ಅಂದ್ರ ಇರಲಿ, ಅವನ ಟೇಬಲ್ ಮ್ಯಾಲ ಇಡು."

"ಇದು ಪದ್ಮಜಾಗ ತಂದದ್ದು ಸರ" ಎಂದೆ. ಅವರ ಮಾತಿಗೆ ಎದುರಾಗಿ ನಾನು ಆಡಿದ ಮೊದಲ ಮಾತು. ಧ್ವನಿ ಸಣ್ಣದಾಗಿತ್ತು. ಅವರಿಗೆ ಅದು ಎದುರುಮಾತೆಂದು ಅನ್ನಿಸಿದಂತೆಯೂ ಕಾಣಲಿಲ್ಲ.

ಪದ್ಮಜಾ ಮಡಚಿದ ಬಟ್ಟೆ ಕೆಳಗಿಟ್ಟಳು.

"ಅಪ್ಪಗ ಗೊತ್ತಿರಲಿಲ್ಲ ಅನಬಹುದು. ವಿಕಾಸಗ ತನ್ನದ ತನಗ. ನಿಮಗ ಗೊತ್ತಿತ್ತು. ಬಾಗಲಾಗ ನನ್ನ ಜೋಡಿ ನಿಂತು ನೋಡಿದವರು ನೀವು ಒಬ್ಬರ. ಒಂದು ಫೋನ್ ಮಾಡಿದ್ರ ಸಾಕಿತ್ತು." ಸಿಟ್ಟಿನಿಂದ ಹೇಳಲಿಲ್ಲ, ಒಂದು ಅಳತೆ ಓದಿ ಹೇಳಿದಂತೆ ಹೇಳಿದಳು. "ಒಯ್ಯಿರಿ. ಇಲ್ಲಿ ಇಟ್ಟರ ಅದು ಅವನ ಟೇಬಲ್ ಮ್ಯಾಲ ಹೋಗ್ತದ."

ಡಬ್ಬಿ ಎತ್ತಿಕೊಂಡೆ. ಅಂದು ಚಹಾ ತರುವವರು ಯಾರೂ ಏಳಲಿಲ್ಲ. ಬಾಗಿಲು ದಾಟುವಾಗ ಮಾಸ್ತರರು ಅವಳನ್ನು ಕೇಳುತ್ತಿದ್ದರು: ಮನೆಗೆ ಬಂದವರ ಜೊತೆ ಮಾತಾಡುವ ರೀತಿಯೇ ಇದು?

ಮುಂದಿನ ವಾರ ಬಾದಾಮಿಯಿಂದ ಒಬ್ಬ ಫೋಟೋಗ್ರಾಫರ್ ಬಂದು ಆ ಪರದೆ ಕೊಂಡ. ಅವನು ಬಣ್ಣ ನೋಡಲಿಲ್ಲ. ಎಷ್ಟು ಇಂಚು ಎಂದು ಕೇಳಿದ.