ಮದುವೆಗಿಂತ ಹಳೆಯ ಗಾಡಿ

ನನ್ನ ಗಾಡಿ ನನ್ನ ಮದುವೆಗಿಂತ ಹಳೆಯದು. ಇಂಗ್ಲೆಂಡಿನ ಶೆಫೀಲ್ಡ್‌ನ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆಯಾಗಿ ಕಾಯಂ ಕೆಲಸ ಸಿಕ್ಕ ವರ್ಷ, ನಿವೃತ್ತಿಯಾಗುತ್ತಿದ್ದ ನರ್ಸ್ ಒಬ್ಬರಿಂದ ಅದನ್ನು ಕೊಂಡೆ. ಕೆಂಪು ಬಣ್ಣದ ಚಿಕ್ಕ ಕಾರು, ಟರ್ಬೊ ಇಂಜಿನ್. ಧಾರವಾಡದ ನಮ್ಮ ಮನೆಯಲ್ಲಿ ನನಗೊಂದು ಜೊತೆ ಚಪ್ಪಲಿ ತರಬೇಕಾದರೂ ಅಪ್ಪ, ಕಾಕಾ, ಅಣ್ಣ ಎಲ್ಲರೂ ಕೂತು ಮಾತಾಡಬೇಕಿತ್ತು. ಇದೊಂದನ್ನು ಯಾರನ್ನೂ ಕೇಳದೆ ತಗೊಂಡೆ. ತಂದು ಬಾಗಿಲ ಮುಂದೆ ನಿಲ್ಲಿಸಿದ ಮೇಲೆ ಊರಿಗೆ ಫೋನ್ ಮಾಡಿದೆ. "ಟರ್ಬೊ ಯಾಕ ಬೇಕಿತ್ತವಾ ನಿನಗ?" ಅಂದರು ಅಪ್ಪ. ಬೇಕಿತ್ತು, ಅಷ್ಟೆ.

ಮದುವೆ ಆಮೇಲೆ ಬಂತು. ನನ್ನ ಗಂಡ ಮೈಸೂರಿನವರು, ಡರ್ಬಿಯಲ್ಲಿ ವಿಮಾನದ ಇಂಜಿನ್ ತಯಾರಿಸುವ ಕಡೆ ಇಂಜಿನಿಯರ್. ಇಂಧನ ಉರಿಯುವ ಭಾಗವೇ ಅವರ ವಿಭಾಗ. ಇಬ್ಬರ ಕೆಲಸಕ್ಕೂ ನಡುವೆ ಬರುತ್ತದೆಂದು ಚೆಸ್ಟರ್‌ಫೀಲ್ಡ್‌ನಲ್ಲಿ ಮನೆ ಮಾಡಿದೆವು. ಅಂದಿನಿಂದ ಅವರು ನನ್ನ ಕಾರನ್ನು "ಆ ಗಾಡಿ" ಅಂತಲೇ ಕರೆಯುತ್ತಿದ್ದರು. ದೂರದ ನೆಂಟರ ಬಗ್ಗೆ ಮಾತಾಡುವ ಹಾಗೆ.

ಹೋದ ವರ್ಷ ಗಾಡಿ ವೃತ್ತಗಳಲ್ಲಿ ಇದ್ದಕ್ಕಿದ್ದಂತೆ ಆಫ್ ಆಗತೊಡಗಿತು. ಟರ್ಬೊ ಅನ್ನುವುದು ಇಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಒಂದು ಚಕ್ರ. ಗಾಳಿ ಹೆಚ್ಚಾದಂತೆ ಪೆಟ್ರೋಲೂ ಹೆಚ್ಚಾಗಬೇಕು. ಯಾವ ಕ್ಷಣಕ್ಕೆ ಎಷ್ಟು ಪೆಟ್ರೋಲ್ ಅಂತ ತೀರ್ಮಾನಿಸುವುದು ಒಳಗಿರುವ ಪುಟ್ಟ ಕಂಪ್ಯೂಟರ್. ಅದೇ ಸಾಯುತ್ತಿದೆ, ಹೊಸದು ಈಗ ಯಾರೂ ತಯಾರಿಸುವುದಿಲ್ಲ ಅಂತ ಗ್ಯಾರೇಜಿನವರು ಕೈ ಚೆಲ್ಲಿದರು.

"ಆ ಗಾಡಿ ಕೊಟ್ಟುಬಿಡು. ನಮ್ಮ ಕಂಪನಿ ಸ್ಕೀಮ್‌ನಲ್ಲಿ ಎಲೆಕ್ಟ್ರಿಕ್ ತಗೊಳ್ಳೋಣ" ಅಂದರು ಇವರು.

ನಾನು ಪಟ್ಟು ಹಿಡಿದೆ. ಎರಡು ವಾರ ಮನೆಯಲ್ಲಿ ಮಾತು ಉಪ್ಪು, ಹುಳಿ, ಮನೆ ತೆರಿಗೆಗಷ್ಟೇ ಉಳಿಯಿತು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಈ ಬೇಸಿಗೆ ಊರಿಗೆ ಹೋಗುವುದು ಬೇಡ, ಆ ಟಿಕೆಟ್ಟಿನ ದುಡ್ಡಿನೊಳಗೆ ಏನಾಗುತ್ತದೋ ಮಾಡೋಣ.

"ಆದ್ರೆ ಒಂದೇ ಸಲ" ಅಂದರು. "ಇಂಜಿನ್ ಏನಾದ್ರೂ ಹೋಯ್ತೋ, ಗಾಡಿ ಗುಜರಿಗೆ. ಆಮೇಲೆ ನೀನು ಅಳೋ ಹಾಗಿಲ್ಲ."

ಆಗಲಿ ಅಂದೆ.

ಮಿಡ್ಲ್ಯಾಂಡ್ಸ್ ಕನ್ನಡಿಗರ ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಿದ್ದು ನನ್ನ ತಪ್ಪು. ಜನ್ಮದಲ್ಲಿ ಬಾನೆಟ್ ಎತ್ತಿ ನೋಡದ ಜಿಪಿ ಡಾಕ್ಟರುಗಳೆಲ್ಲ ಸಲಹೆ ಕೊಟ್ಟರು. ಗುಜರಿ ಅಂಗಡಿಯಿಂದ ಇಂಥದ್ದೇ ಹಳೆಯ ಕಂಪ್ಯೂಟರ್ ತನ್ನಿ ಅಂದರು ಒಬ್ಬರು. ಆದರೆ ಅದು ತನ್ನ ಹಳೆಯ ಕೀಲಿಯನ್ನು ಬಿಟ್ಟು ಬೇರೆ ಕೀಲಿಗೆ ಜಪ್ಪಯ್ಯ ಅಂದರೂ ಓಗೊಡುವುದಿಲ್ಲ. ಇರುವ ಕಂಪ್ಯೂಟರಿನ ಪಕ್ಕಕ್ಕೇ ಒಂದು ಡಬ್ಬಿ ಜೋಡಿಸಿ ಅದಕ್ಕೆ ಸುಳ್ಳು ಲೆಕ್ಕ ಕೊಟ್ಟು ಪೆಟ್ರೋಲ್ ಹೆಚ್ಚಿಸಿ, ಬಲು ಅಗ್ಗ ಅಂದರು ಇನ್ನೊಬ್ಬರು. ಸಾಯುತ್ತಿರುವವನ ಕಿವಿಯಲ್ಲಿ ಸುಳ್ಳು ಹೇಳಿ ಏನು ಪ್ರಯೋಜನ? ಉಳಿದದ್ದು ಒಂದೇ ದಾರಿ. ಹಳೆಯದನ್ನು ಪೂರ್ತಿ ಕಿತ್ತು, ಲೆಕ್ಕವೆಲ್ಲ ನಾವೇ ತುಂಬಬಹುದಾದ ಹೊಸ ಕಂಪ್ಯೂಟರ್ ಕೂರಿಸುವುದು. ಅದರಲ್ಲೇ ಎಲ್ಲಕ್ಕಿಂತ ಕಡಿಮೆ ಬೆಲೆಯ ಸೆಕೆಂಡ್ ಹ್ಯಾಂಡ್ ಒಂದು ಸಿಕ್ಕಿತು. ಲೆಕ್ಕ ತುಂಬಿಕೊಡುವ ಪರಿಣತರಿಗೆ ಕೊಡಲು ದುಡ್ಡು ಉಳಿಯಲಿಲ್ಲ. ಇವರೇ ತುಂಬುತ್ತೇನೆ ಅಂದರು. ದಿನವಿಡೀ ಇಂಧನದ ಜೊತೆಗೇ ಇರುವ ಮನುಷ್ಯ, ಬೇಡ ಅನ್ನಲು ನಾನ್ಯಾರು?

ಮಿಕ್ಕ ಹಣದಲ್ಲಿ ಒಂದು ಅಳತೆಯ ಸಾಧನ ಬರುತ್ತಿತ್ತು, ಎರಡಲ್ಲ. ಒಂದು, ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ಪೆಟ್ರೋಲ್ ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳುವ ಸೆನ್ಸರ್. ಇನ್ನೊಂದು, ಅದೇ ಹೊಗೆ ಎಷ್ಟು ಬಿಸಿ ಅಂತ ಹೇಳುವ ಥರ್ಮಾಮೀಟರ್. ನಾನು ಮೊದಲನೆಯದು ಬೇಕು ಅಂದೆ. ಆಪರೇಷನ್ ಥಿಯೇಟರಿನಲ್ಲಿ ನಾನು ಹಗಲೆಲ್ಲ ನೋಡುವುದು ರೋಗಿ ಬಿಡುವ ಉಸಿರಿನಲ್ಲಿ ಏನೇನಿದೆ ಅನ್ನುವುದನ್ನೇ. ಒಳಗೆ ಏನು ಕೊಟ್ಟೆವೆಂಬುದಕ್ಕಿಂತ ಹೊರಗೆ ಏನು ಬಂತೆಂಬುದು ಹೆಚ್ಚು ನಿಜ ಹೇಳುತ್ತದೆ.

"ಅದು ಮನುಷ್ಯರಿಗೆ" ಅಂದರು ಇವರು. "ಇಂಜಿನ್‌ನಲ್ಲಿ ಬಿಸಿನೇ ಎಲ್ಲ ಹೇಳುತ್ತೆ. ನಮ್ಮಲ್ಲಿ ಎಲ್ಲದಕ್ಕೂ ಅದೇ ಆಧಾರ."

ಥರ್ಮಾಮೀಟರ್ ಬಂತು.

ಹಳೆಯ ವಿಮಾನ ನಿಲ್ದಾಣವೊಂದರ ರನ್‌ವೇಯಲ್ಲಿ ಭಾನುವಾರ ಗಾಡಿ ಓಡಿಸಲು ಬಿಡುತ್ತಾರೆ. ಇವರು ತುಂಬಿದ ಲೆಕ್ಕ ಪರೀಕ್ಷಿಸಲು ಅಲ್ಲಿಗೆ ಹೋದೆವು. ನಾನು ಸ್ಟಿಯರಿಂಗ್ ಹಿಡಿದೆ, ಇವರು ಪಕ್ಕದಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡರು. ಡಬ್ಬಿಯಲ್ಲಿ ಚಿತ್ರಾನ್ನ ಇತ್ತು. ಮೊದಲ ಓಟಗಳು ಚೆನ್ನಾಗಿಯೇ ಆದವು. ಬೂದುಬಣ್ಣದ ಆಕಾಶದ ಕೆಳಗೆ ನನ್ನ ಗಾಡಿ ಮತ್ತೆ ಮೊದಲಿನ ಹಾಗೆ ಬೆನ್ನನ್ನು ಸೀಟಿಗೆ ಒತ್ತಿ ಓಡಿದಾಗ ನಾನು ಜೋರಾಗಿ ನಕ್ಕೆ. ಇವರೂ ನಕ್ಕರು.

ಆಮೇಲೆ ಟರ್ಬೊ ಪೂರ್ತಿ ಗಾಳಿ ತುಂಬುವ ವೇಗಕ್ಕೆ ಬಂದೆವು. ಥರ್ಮಾಮೀಟರಿನ ಅಂಕಿ ಏರತೊಡಗಿತು.

"ಬಿಸಿ ಜಾಸ್ತಿ ಆಯ್ತು. ಸ್ವಲ್ಪ ಪೆಟ್ರೋಲ್ ಕಡಿಮೆ ಮಾಡ್ತೀನಿ. ಇನ್ನೊಂದು ಸಲ ಹೋಗು" ಅಂದರು.

ಹೋದೆ. ಅಂಕಿ ಇನ್ನೂ ಮೇಲೇರಿತು.

"ಇನ್ನೂ ಕಡಿಮೆ ಮಾಡ್ಬೇಕು."

ಮೂರನೆಯ ಸಲ ಆಕ್ಸಲರೇಟರ್ ಪೂರ್ತಿ ಒತ್ತಿದಾಗ ಬಾನೆಟ್ಟಿನೊಳಗಿನಿಂದ ಸಣ್ಣ ಸದ್ದು ಬಂತು, ತಗಡಿನ ಡಬ್ಬಿಯಲ್ಲಿ ಕಡಲೆಕಾಳು ಅಲ್ಲಾಡಿಸಿದ ಹಾಗೆ. "ಹಾಗೇ ಒತ್ಕೊಂಡಿರು, ಬಿಡಬೇಡ, ಬಿಡಬೇಡ" ಅನ್ನುತ್ತಿದ್ದರು ಇವರು, ಕಣ್ಣು ಪರದೆಯ ಮೇಲೆ. ನನಗೆ ಪೆಟ್ರೋಲಿನ ಲೆಕ್ಕ ಗೊತ್ತಿಲ್ಲ. ಆದರೆ ಕೊಟ್ಟ ಮದ್ದಿಗೆ ರೋಗಿ ಹದಗೆಡುತ್ತಿದ್ದರೆ ಅದೇ ಮದ್ದನ್ನು ಮತ್ತೆ ಕೊಡಬಾರದು ಅನ್ನುವುದು ಗೊತ್ತು. ಕಾಲು ತೆಗೆದುಬಿಟ್ಟೆ.

"ಯಾಕೆ ಬಿಟ್ಟೆ? ಡೇಟಾ ಹೋಯ್ತಲ್ಲೇ!"

"ಕಡಿಮೆ ಮಾಡಿದಾಗೆಲ್ಲ ಬಿಸಿ ಏರ್ತಿದೆ ರೀ. ನಿಮಗೆ ಕಾಣ್ತಿಲ್ವಾ?"

ಗಾಡಿ ತಾನಾಗಿ ನಿಧಾನವಾಗಿ ನಿಂತಿತು. ಇವರು ಲ್ಯಾಪ್‌ಟಾಪಿನಲ್ಲಿ ಮೂರೂ ಓಟಗಳ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರು. ತಪ್ಪೆಲ್ಲಾಯಿತೆಂದು ತಾವೇ ಬಿಡಿಸಿ ಹೇಳಿದರು. ವಿಮಾನದ ಇಂಜಿನ್ನಿನಲ್ಲಿ ಗಾಳಿ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ, ಅಲ್ಲಿ ಇಂಧನ ಕಡಿಮೆ ಮಾಡಿದರೆ ತಂಪಾಗುತ್ತದೆ. ಟರ್ಬೊ ಕಾರಿನಲ್ಲಿ ತದ್ವಿರುದ್ಧ. ಪೂರ್ತಿ ಒತ್ತಿದಾಗ ಉರಿಯಲು ಬೇಕಾದದ್ದಕ್ಕಿಂತ ತುಸು ಹೆಚ್ಚೇ ಪೆಟ್ರೋಲ್ ಹಾಕಬೇಕು, ಆ ಹೆಚ್ಚಿನದೇ ಒಳಗನ್ನು ತಂಪಾಗಿಡುವುದು. ಪುಸ್ತಕದಲ್ಲಿ ಓದಿ ಇದು ಅವರಿಗೂ ಗೊತ್ತಿತ್ತು. ಆದರೆ ಇಪ್ಪತ್ತು ವರ್ಷ ಡರ್ಬಿಯಲ್ಲಿ ಪಳಗಿದ ಕೈ ತಾನಾಗಿ ಕಡಿಮೆ ಮಾಡುವ ಕಡೆಗೇ ಹೋಗಿತ್ತು.

ಇಂಜಿನ್ ಉಳಿದಿದೆಯೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. ಎಮ್ಮೆಯ ನಡಿಗೆಯಲ್ಲಿ ಮನೆಗೆ ತಂದೆವು. ದಾರಿಯುದ್ದಕ್ಕೂ ನನ್ನ ಕಿವಿ ಬಾನೆಟ್ಟಿನ ಮೇಲಿತ್ತು. ಚಿತ್ರಾನ್ನ ಹಾಗೇ ವಾಪಸ್ ಬಂತು.

ಮರುದಿನ ಇವರು ರಜೆ ಹಾಕಿ ಮನೆಯ ಗ್ಯಾರೇಜಿನಲ್ಲಿ ಕೂತರು. ನಾನು ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ. ಹೋಗಿ ಕೇಳುವ ಧೈರ್ಯ ಇರಲಿಲ್ಲ. ಮಧ್ಯಾಹ್ನ ಒಳಗೆ ಬಂದು ಬೆರಳಷ್ಟು ಉದ್ದದ ಸ್ಪಾರ್ಕ್ ಪ್ಲಗ್ ಒಂದನ್ನು ನನ್ನ ಮುಂದೆ ಹಿಡಿದರು. ತುದಿಯ ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಚೆಲ್ಲಿದ ಹಾಗೆ ಹೊಳೆಯುವ ಚುಕ್ಕೆಗಳಿದ್ದವು.

"ಇದು ಪಿಸ್ಟನ್ ಲೋಹ. ಕರಗೋಕೆ ಶುರುವಾಗಿತ್ತು" ಅಂದರು. "ಒತ್ತಡ ಅಳೆದು ನೋಡ್ದೆ. ನಾಲ್ಕೂ ಸಿಲಿಂಡರ್ ಸರಿಯಾಗಿವೆ. ನೀನು ಕಾಲು ತೆಗೀದೇ ಇದ್ದಿದ್ರೆ ಹೋಗ್ತಿತ್ತು. ನಾನು ಒತ್ತು ಅಂತಿದ್ದೆ."

ಪ್ಲಗ್ ತಗೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅವರು ಸಿಂಕಿನಲ್ಲಿ ಕೈ ತೊಳೆಯುತ್ತಾ, ನನ್ನ ಕಡೆ ತಿರುಗದೆ ಹೇಳಿದರು.

"ಆ ಸೆನ್ಸರ್ ಆರ್ಡರ್ ಮಾಡಿದೀನಿ. ಬಜೆಟ್ ಮೀರ್ತು, ಮೀರಲಿ. ಮತ್ತೆ, ಇಂಜಿನ್ ಹೋಗಿದ್ರೂ ನಿನ್ನ ಗಾಡಿನ ನಾನು ಗುಜರಿಗೆ ಹಾಕ್ತಿರಲಿಲ್ಲ."

ನನಗೆ ಸಿಟ್ಟು ಬಂದರೆ ಧಾರವಾಡ ಬಂದುಬಿಡುತ್ತದೆ. ಇಷ್ಟು ದಿನ ಆಕ್ಸಲರೇಟರ್ ಮೇಲೆ ಕಾಲಿಟ್ಟಾಗೆಲ್ಲ ಗಾಡಿ ಗುಜರಿಗೆ ಹೋದೀತೆಂದು ಹೊತ್ತುಕೊಂಡಿದ್ದ ಹೆದರಿಕೆಯೆಲ್ಲ ಒಟ್ಟಿಗೆ ಬಾಯಿಗೆ ಬಂತು.

"ಅದನ್ನ ಮೊದಲ ಹೇಳಾಕ ಏನಾಗಿತ್ರೀ ನಿಮಗ? ದಿನಾ ಜೀವ ಕೈಯಾಗ ಹಿಡಕೊಂಡು ಓಡಿಸೇನಿ ನಾ!"

ಅಳಬಾರದೆಂಬ ಒಪ್ಪಂದವನ್ನು ಮುರಿದು ಅತ್ತೆ. ಅವರು ನಲ್ಲಿ ನಿಲ್ಲಿಸಿ ಒದ್ದೆ ಕೈಯಲ್ಲೇ ಈ ಕಡೆ ತಿರುಗಿದರು.

"ನಿನ್ನೆವರೆಗೂ ನನಗೇ ಗೊತ್ತಿರಲಿಲ್ಲ ಕಣೇ" ಅಂದರು.